ಸ್ಕಾಟ್ಲೆಂಡಿನ ಊರೊಂದಕ್ಕೆ ವಾದಿ ಕಬೀರಿನ ಟಚಪ್

ಹಳೆಯ ಫೋಟೋ ಸರಿಮಾಡಿಕೊಡುವವರ ಹಣೆಯಲ್ಲಿ ಬೈಗುಳ ಬರೆದೇ ಇರುತ್ತದೆ. ಗೀರು ತೆಗೆದರೆ ‘ಅಜ್ಜಿಯ ಗಲ್ಲದ ಮಚ್ಚೆ ಎಲ್ಲಿ?’ ಅನ್ನುತ್ತಾರೆ, ಬಿಟ್ಟರೆ ‘ನಿಮ್ಮ ಕೈಗೆ ಕೊಟ್ಟು ಏನು ಬಂತು?’ ಅನ್ನುತ್ತಾರೆ. ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯ ಗ್ಯಾರೇಜುಗಳ ನಡುವಿನ ನಮ್ಮ ಸ್ಟುಡಿಯೋದಲ್ಲಿ ಇದು ನಿತ್ಯದ ಕಥೆ. ಆದರೆ ಹೋದ ವರ್ಷ ಒಬ್ಬರೇ ಗಿರಾಕಿಯಿಂದ ನಮಗೆ ಆದಷ್ಟು ಫಜೀತಿ ಇಪ್ಪತ್ತು ವರ್ಷದಲ್ಲಿ ಆಗಿರಲಿಲ್ಲ.

ಅವರು ಸ್ಕಾಟ್ಲೆಂಡಿನ ಹಿರಿಯರು. ಎಣ್ಣೆ ಬಾವಿಗಳ ಕೆಲಸಕ್ಕೆಂದು ಒಮಾನಿಗೆ ಬಂದು ಇಲ್ಲೇ ತಲೆ ಹಣ್ಣಾಗಿಸಿಕೊಂಡವರು. ತಿಂಗಳ ಕೊನೆಗೆ ಖಾಯಂ ಆಗಿ ಊರಿಗೆ ಹೊರಟಿದ್ದರು. ಅವರದು ಕಡಲ ದಂಡೆಯ ಸಣ್ಣ ಮೀನುಗಾರರ ಊರು. ಅಲ್ಲಿಯ ಜನ ಸೇರಿ ಊರಿನ ಚರಿತ್ರೆಯ ಪುಸ್ತಕ ಮಾಡುತ್ತಿದ್ದರು. ಅದಕ್ಕೆ ಇವರ ಬಳಿಯಿದ್ದ ಒಂದು ಪೆಟ್ಟಿಗೆ ಫೋಟೋ ಬೇಕಿತ್ತು. ಪೆಟ್ಟಿಗೆ ಇಟ್ಟು ಹೋಗುವಾಗ ಮೆಲ್ಲಗೆ ಹೇಳಿದರು: “ಮೀನು ಸೀಳುವ ಹೆಂಗಸರ ಒಂದು ಫೋಟೋ ಇದೆ. ಅದರಲ್ಲಿ ನಮ್ಮ ತಾಯಿ ಇದ್ದಾರಂತೆ. ಅವರಲ್ಲಿ ಯಾರು ಅಂತ ಗೊತ್ತಿಲ್ಲ. ನನಗೆ ಎರಡು ವರ್ಷ ಇದ್ದಾಗಲೇ ಹೋದರು. ಬೇರೆ ಫೋಟೋ ಇಲ್ಲ.”

ಚೆನ್ನಾಗಿ ಮಾಡಿಕೊಡುತ್ತೇವೆ ಸರ್ ಅಂದೆ. ಅಲ್ಲೇ ಎಡವಟ್ಟು ಶುರುವಾದದ್ದು.

ಬಿಳಿ ಗೋಡೆ

ನಮ್ಮಲ್ಲಿ ಟಚಪ್ ಮಾಡುವವರು ಮೈಸೂರಿನವರೊಬ್ಬರು. ಕೈ ಚುರುಕು, ಪ್ರಶ್ನೆ ಕೇಳುವ ಅಭ್ಯಾಸ ಕಡಿಮೆ. ದಿನವಿಡೀ ವೀಸಾ, ಲೇಬರ್ ಕಾರ್ಡ್ ಅಂತ ಬಂದವರ ಮುಖಗಳಿಗೆ ಬಿಳಿ ಹಿನ್ನೆಲೆ ಹಾಕಿ ಹಾಕಿ ಆ ಕೈಗೆ ಬೇರೆ ದಾರಿಯೇ ಗೊತ್ತಿರಲಿಲ್ಲ. ಮೊದಲ ಮೂವತ್ತು ಫೋಟೋ ತೋರಿಸಿದೆವು. ಮೀನುಗಾರರು ಮಿರಮಿರ ಮಿಂಚುತ್ತಿದ್ದರು. ಹಿಂದಿದ್ದ ಬಂದರು, ಚರ್ಚು, ಓಣಿ ಎಲ್ಲ ಮಾಯ, ಬರೀ ಬಿಳುಪು.

ಹಿರಿಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಜನ ಇದ್ದಾರೆ. ಊರು ಎಲ್ಲಿ?”

ಮೈಸೂರಿನವರು ವಿನಯದಿಂದ ಅಂದರು: “ಊರು ಕಂಡ್ರೆ ಇಲ್ಲಿ ರಿಜೆಕ್ಟ್ ಮಾಡ್ತಾರೆ ಸಾರ್.”

ಮಾಸಿದ ನೀರು

ಮತ್ತೆ ಮೊದಲಿನಿಂದ ಮಾಡಿದೆವು. ಈ ಸಲ ಊರು ಇತ್ತು. ಒಂದು ಫೋಟೋದಲ್ಲಿ ಮಾತ್ರ ಬಂದರಿನ ದೋಣಿಗಳೆಲ್ಲ ಕೆಸರಿನಲ್ಲಿ ವಾಲಿಕೊಂಡಿದ್ದವು. ಕಡಲ ಇಳಿತದ ಹೊತ್ತು. ಉಡುಪಿ ಕಡೆಯ ನನಗೆ ನೋಡಿದ ಕೂಡಲೇ ತಿಳಿಯುತ್ತಿತ್ತು, ಆದರೆ ನಾನು ನೋಡಲಿಲ್ಲ. ನೋಡಿದ್ದು ಮೈಸೂರಿನವರು. ಅವರು ಕಂಡ ದೊಡ್ಡ ನೀರೆಂದರೆ ಅಣೆಕಟ್ಟಿನದು. ನೀರು ಮಾಸಿ ಹೋಗಿದೆ ಎಂದುಕೊಂಡು ಬಂದರಿನ ತುಂಬ ನೀರು ತುಂಬಿಸಿಬಿಟ್ಟರು.

“ಇಲ್ಲೊಂದು ಕುದುರೆ ಗಾಡಿ ಇತ್ತಲ್ಲ?” ಹಿರಿಯರು ಕೇಳಿದರು.

“ಇದೆ ಸಾರ್, ಒಳಗಿದೆ,” ಅಂದರು ಮೈಸೂರಿನವರು. “ಕಿವಿ ಕಾಣತ್ತೆ ನೋಡಿ.”

ಯಾರೂ ಬೇಡವೆಂದ ಮನುಷ್ಯ

ಸರಿಯಾದ ಫೋಟೋಗಳನ್ನು ಹಿರಿಯರು ಊರಿನ ವಾಟ್ಸಾಪ್ ಗುಂಪಿಗೆ ಕಳಿಸುತ್ತಿದ್ದರು, ಅಲ್ಲಿಯವರು ಹೆಸರು ಹೇಳಬೇಕು. ದೋಣಿ ಪಂದ್ಯದ ಒಂದು ಫೋಟೋ ಇತ್ತು. ನಡುವೆ ಗೆದ್ದ ಕಪ್ ಹಿಡಿದ ಗಟ್ಟಿಗ, ಮೂಲೆಯಲ್ಲಿ ಪೀಪಾಯಿಗೆ ಒರಗಿ ಬಾಯಿ ತೆರೆದು ನಿದ್ದೆ ಹೋದ ಇನ್ನೊಬ್ಬ. ಕಪ್ ಹಿಡಿದವನು ನಮ್ಮಜ್ಜ ಎಂದು ಐದು ಮನೆಯವರು ಹೇಳಿದರು. ಮಲಗಿದವನನ್ನು ಯಾರೂ ಕೇಳಲಿಲ್ಲ. ಮಸ್ಕತ್ತಿನ ನಮ್ಮ ಕನ್ನಡದವರ ಹಳೆಯ ಪಿಕ್ನಿಕ್ ಫೋಟೋಗಳಲ್ಲೂ ಹೀಗೇ, ಮೈಕ್ ಹಿಡಿದವನಿಗೆ ನೂರು ನೆಂಟರು.

“ಪಾಪ, ಮಲಗಿರೋರಿಗೆ ಮದುವೆ ಆಗಿರ್ಲಿಲ್ವೇನೋ,” ಅಂದರು ಮೈಸೂರಿನವರು.

ಹಿರಿಯರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. “ಆಗಿತ್ತು. ಆರು ಮಕ್ಕಳು. ಅದರಲ್ಲೊಬ್ಬರು ನಮ್ಮಪ್ಪ. ಗುಂಪಿನಲ್ಲಿ ಹೇಳಬೇಡಿ.”

ತಾಯಿ

ಹಿರಿಯರು ಹೊರಡಲು ಎರಡು ದಿನ ಇತ್ತು. ಹೆಂಗಸರ ಫೋಟೋ ಮಾತ್ರ ಬಾಕಿ. ಉದ್ದದ ಮೀನಿನ ತೊಟ್ಟಿ, ಅದರ ಹಿಂದೆ ಸಾಲಾಗಿ ಹದಿನಾಲ್ಕು ಜನ, ಎಲ್ಲರ ತಲೆಗೂ ಒಂದೇ ಥರದ ವಸ್ತ್ರ. ಚಾಕು ಕೆಳಗಿಟ್ಟು ಕ್ಯಾಮೆರಾ ನೋಡುತ್ತಿದ್ದರು. ಹಿರಿಯರಿಗೆ ಗೊತ್ತಿದ್ದದ್ದು ಒಂದೇ: ತಾಯಿ ಎಡಚಿ ಎಂದು ಚಿಕ್ಕಮ್ಮ ಹೇಳಿದ್ದರು. ಚಾಕುವೇ ಕೈಯಲ್ಲಿಲ್ಲದ ಮೇಲೆ ಎಡಚಿಯೂ ಒಂದೇ, ಬಲಚಿಯೂ ಒಂದೇ. ಎಡದಿಂದ ಮೂರನೆಯವಳು ಮೆಲ್ಲಗೆ ನಗುತ್ತಿದ್ದಳು. ಅವಳೇ ಇರಬಹುದು ಎಂದು ಅವರ ಮನಸ್ಸು ಹೇಳುತ್ತಿತ್ತು. ಅವಳನ್ನು ದೊಡ್ಡದು ಮಾಡಿಕೊಡಿ ಅಂದರು.

ಆ ಹೊತ್ತಿಗೆ ನನ್ನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಮಲ್ಪೆಯವಳು, ಮದುವೆಗೆ ಮುಂಚೆ ಸಿಗಡಿ ಶೆಡ್ಡಿನಲ್ಲಿ ಕೆಲಸ ಮಾಡಿದವಳು. ಪರದೆ ನೋಡಿದವಳೇ, “ಇದೆಂತ ಮಾರಾಯ್ರೆ, ಮೀನು ಕೊಯ್ಯುವವರಿಗೆ ಇಷ್ಟು ಚಂದದ ಬೆರಳಾ? ಮದರಂಗಿ ಹಾಕಲಿಕ್ಕೆ ಕೂತಿದ್ದಾರಾ?” ಅಂದಳು.

ಮೈಸೂರಿನವರು ತಲೆ ತುರಿಸಿಕೊಂಡರು. “ಕೈ ತುಂಬ ಏನೋ ಕಲೆ ಮೇಡಂ. ಎರಡು ದಿನ ಕೂತು ಕ್ಲೀನ್ ಮಾಡ್ದೆ.”

“ಕಲೆ ಅಲ್ಲ, ಬಟ್ಟೆ! ಉಪ್ಪು ತಾಗಿದ್ರೆ ಉರಿಯುದಿಲ್ವಾ? ನಾವೂ ಬೆರಳಿಗೆ ಸುತ್ತುತ್ತಿದ್ದೆವು.”

ಮೂಲ ಫೋಟೋ ತೆರೆದೆವು. ಹೌದು, ಎಲ್ಲರ ಬೆರಳಿಗೂ ಚಿಂದಿ ಬಟ್ಟೆ. ಎಡಚಿಯೊಬ್ಬಳನ್ನು ಹುಡುಕುತ್ತಿದ್ದೇವೆ ಎಂದದ್ದೇ, ಹೆಂಡತಿ ಒಬ್ಬೊಬ್ಬರ ಕೈಯನ್ನೇ ನೋಡುತ್ತ ಹೋದಳು. “ಮೀನು ಹಿಡಿಯುವ ಕೈಗೇ ಚಾಕು ತಾಗುದು. ಹಾಗಾಗಿ ಎಲ್ಲರಿಗೂ ಎಡಗೈಗೆ ಜಾಸ್ತಿ ಬಟ್ಟೆ. ಇವಳೊಬ್ಬಳಿಗೆ ಬಲಗೈಗೆ. ಇವಳು ಎಡಚಿ.”

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹೇಳುವಾಗಲೇ ನನಗೆ ಬೆವರಿತು. ಯಾಕೆಂದರೆ ಹೆಂಡತಿಯ ಬೆರಳು ಇದ್ದದ್ದು ನಗುವವಳ ಮೇಲಲ್ಲ. ಸಾಲಿನ ತುದಿಯಲ್ಲಿ ಸೊಂಟಕ್ಕೆ ಕೈಯಿಟ್ಟು, ಕಣ್ಣು ಕೆಂಡ ಮಾಡಿಕೊಂಡು, ಕ್ಯಾಮೆರಾದವನಿಗೆ ಬಾಯಿ ತುಂಬ ಬೈಯುತ್ತಿದ್ದವಳ ಮೇಲೆ. ಒಂದು ವಾರದಿಂದ ನಾವು ಅವಳನ್ನು ‘ಬೊಬ್ಬೆಯಮ್ಮ’ ಎಂದೇ ಕರೆಯುತ್ತಿದ್ದೆವು.

ಹಿರಿಯರು ಕುರ್ಚಿ ಎಳೆದುಕೊಂಡು ಪರದೆಗೆ ಮುಖ ತಾಗುವಷ್ಟು ಹತ್ತಿರ ಕೂತರು. ಎಪ್ಪತ್ತು ದಾಟಿದ ಮನುಷ್ಯ ಮೊದಲ ಸಲ ತಾಯಿಯ ಮುಖ ನೋಡುತ್ತಿದ್ದರು. ಅವರ ಕಣ್ಣು ತುಂಬಿತು, ನಮ್ಮದೂ ತುಂಬಿತು. ಭುಜ ಅಲುಗಿದಾಗ ಅಳುತ್ತಿದ್ದಾರೆ ಎಂದುಕೊಂಡು ಹೆಂಡತಿ ನೀರು ತಂದಳು. ನೋಡಿದರೆ ಬಿಕ್ಕಿ ಬಿಕ್ಕಿ ನಗುತ್ತಿದ್ದಾರೆ.

“ನಮ್ಮಪ್ಪ ವರ್ಷಕ್ಕೆ ಹತ್ತು ತಿಂಗಳು ಸಮುದ್ರದಲ್ಲೇ ಯಾಕೆ ಇರುತ್ತಿದ್ದರು ಅಂತ,” ಕಣ್ಣೊರೆಸಿಕೊಂಡು ಹೇಳಿದರು, “ಇವತ್ತು ಗೊತ್ತಾಯಿತು.”