ಬಿಲ್ಲಿನ್ಯಾಗ ಇಲ್ಲದ ಎಂಟು ಸಾವಿರ

ಶಹಾಪುರದಾಗ ಸ್ಕೂಟರ್ ಶೋರೂಮಿನ ಕೌಂಟರಿಗಿ ಕುಂತು ಹನ್ನೆರಡು ವರ್ಷ ಆತು. ನಗೂವಂಥಾದ್ದು ಒಂದಿಲ್ಲೊಂದು ದಿನಾ ನಡೀತದ. ಅದಕ್ಕ ನಗಬೇಕೋ ನಾಚಬೇಕೋ ಅನ್ನೂದು ಮಾತ್ರ ನನಗ ಸಂಜಿಕ ಮನಿಗಿ ಹೋದ ಮ್ಯಾಲೇ ತಿಳೀತದ.

ಈ ವರ್ಷ ಒಂದು ಸ್ಕೂಟರಿಗಿ ಮಂದಿ ಮುಗಿಬಿದ್ದಾರ. ಕೇಳಿದವ್ರಿಗೆಲ್ಲ "ಮೂರು ತಿಂಗಳು ತಡೀಬೇಕ್ರಿ" ಅಂತ ಹೇಳೂದು ನನ್ನ ಕೆಲಸ. ಹಿಂದಿನ ಗೋದಾಮಿನ್ಯಾಗ ನಾಕು ಗಾಡಿ ನಿಂತಿರ್ತಾವ, ಅದನ್ನ ಹೇಳದಿರೂದೂ ನನ್ನ ಕೆಲಸನೇ. ಬಿಲ್ಲಿನ ಮ್ಯಾಲ ಎಂಟು ಸಾವಿರ ಕೊಟ್ಟವ್ರಿಗಿ ಗಾಡಿ ಅವತ್ತೇ ಸಿಗ್ತದ. ಆ ಎಂಟು ಸಾವಿರ ಯಾವ ಕಾಗದದಾಗೂ ಇರಂಗಿಲ್ಲ.

ಹಂಗ ತಡದು ಕುಂತವ್ರಾಗ ಒಬ್ರು ಸಾಲಿ ಅಕ್ಕೋರು. ಕೊಂಕಲ್ ಕಡಿ ಒಂದು ಹಳ್ಳಿಯೊಳಗ ಗೆಸ್ಟ್ ಟೀಚರ್. ಬಸ್ಸು ನಂಬಿ ಮೂರು ಸಲ ತಡಾ ಆಗ್ಯಾರ. ಇನ್ನೊಮ್ಮಿ ತಡಾ ಆದ್ರ ಅವರ ಜಾಗಕ್ಕ ಬ್ಯಾರೇವ್ರನ್ನ ತೊಗೊಳ್ಳೂದಂತ ಹೆಡ್ ಮಾಸ್ತರ್ರು ಹೇಳಿಬಿಟ್ಟಾರ. ಬಿಲ್ಲಿನಷ್ಟು ರೊಕ್ಕ ಅಕ್ಕೋರ ಬ್ಯಾಗಿನ್ಯಾಗ ಇತ್ತು. ಅದರ ಮ್ಯಾಲ ಒಂದು ರೂಪಾಯಿ ಇರಲಿಲ್ಲ.

೧. ಕಾಲಿಡೂ ಪಟ್ಟಿ

ಎಂಟು ಸಾವಿರ ಸಾಲದು ಅಂತ ನಮ್ಮ ಸಾವ್ಕಾರ್ರು ಇನ್ನೊಂದು ಹುಕುಂ ಮಾಡಿದ್ರು. ಗಾಡಿ ಲಗೂನ ಬೇಕಂದ್ರ ಬಿಡಿ ಸಾಮಾನೂ ನಮ್ಮಲ್ಲೇ ತೊಗೋಬೇಕು. ಮ್ಯಾಟು, ಕವರು, ಗಾರ್ಡು, ಹಿಂದ ಅಡ್ಡ ಕುಂತ ಹೆಣ್ಮಗಳು ಕಾಲಿಡೂ ಪಟ್ಟಿ, ಎಲ್ಲಾ.

ಸುರಪುರದಿಂದ ಒಬ್ರು ಬಂದ್ರು. ನಲವತ್ತೆರಡು ವಯಸ್ಸು, ಲಗ್ನ ಆಗಿಲ್ಲ. ಕಾಲಿಡೂ ಪಟ್ಟಿ ನೋಡಿ, "ಇದು ನನಗ್ಯಾಕ್ರಿ? ನನ್ನ ಹಿಂದ ಕೂಡೋರು ಯಾರೂ ಇಲ್ಲ" ಅಂದ್ರು.

"ಇವತ್ತಿಲ್ಲಂದ್ರ ನಾಳಿ ಬರ್ತಾರ್ರಿ" ಅಂದೆ. ಬಾಯಿ ರೂಢಿ ಆಗ್ಯದಲ್ಲ.

ಅವರು ಶಾಂತವಾಗಿ ಪೆನ್ನು ನನ್ನ ಕೈಗಿಟ್ರು. "ಹಂಗಾದ್ರ ಅಕಿನ್ನೂ ಈ ಸಾಮಾನಿನ ಯಾದ್ಯಾಗೇ ಬರೀರಿ. ನಮ್ಮ ಮನಿಯವ್ರು ಹದಿನೈದು ವರ್ಷದಿಂದ ಹುಡಕಾಕತ್ತಾರ."

ಬಾಜೂಕ ಕುಂತಿದ್ದ ಅಕ್ಕೋರು ನಕ್ರು. ಆಮ್ಯಾಲ ಆ ಸಾಮಾನಿನ ರೇಟು ಓದಿ ನಗೂದು ನಿಲ್ಲಿಸಿದ್ರು.

೨. ಹಳೇ ಗಾಡಿ

"ಅಕ್ಕೋರ, ಹಳೇದೊಂದು ನೋಡ್ರಿ, ಸಸ್ತಾ ಆಗ್ತದ" ಅಂತ ನಾನೇ ಹೇಳಿದೆ. ಸುಳ್ಳು ಹೇಳಿ ಹೇಳಿ ಬ್ಯಾಸರಾಗಿ ಒಂದು ಖರೆ ಹೇಳಿದೆ ಅನ್ಕೊಂಡಿದ್ದೆ.

ಅವರಪ್ಪ ಎತ್ತಿನ ದಲ್ಲಾಳಿ. ಅಪ್ಪನ ಜೋಡಿ ಕೆಂಭಾವಿ ಸಂತಿಗಿ ಹೋದ್ರು. ಅಲ್ಲೊಬ್ಬ ಎರಡು ತಿಂಗಳ ಹಳೇ ಸ್ಕೂಟರ್ ಮಾರಾಕ ಹಚ್ಚಿಕೊಂಡು ನಿಂತಾನ. ರೇಟು ಕೇಳಿದ್ರ ಹೊಸದಕ್ಕಿಂತ ಹತ್ತು ಸಾವಿರ ಜಾಸ್ತಿ.

"ಹಳೇದು ಹೊಸದಕ್ಕಿಂತ ತುಟ್ಟಿ ಹ್ಯಾಂಗಪ" ಅಂತ ಕೇಳಿದ್ರ, "ಹೊಸದು ಎಲ್ಲ್ಯದ, ತೋರಸ್ರಿ" ಅಂದನಂತ.

ಅಕ್ಕೋರು ಬಂದು ಇದನ್ನ ನನಗ ಹೇಳಾಕತ್ತಿದ್ರು. ಅವರ ಕಣ್ಣಾಗ ನೀರು. ಒಳಗಿದ್ದ ಸಾವ್ಕಾರ್ರು ಎಲ್ಲಾ ಕೇಳಿಸಿಕೊಂಡು ಹೊರಗ ಬಂದ್ರು. ಮನಸ್ಸು ಕರಗಿತೇನೋ ಅಂತ ನೋಡಿದೆ.

"ಗೋದಾಮಿನ್ಯಾಗಿನ ಎರಡು ಗಾಡಿ ಬಸ್ ಸ್ಟ್ಯಾಂಡ್ ತನಕ ಓಡಿಸಿಕೊಂಡು ಬಾ" ಅಂತ ನನ್ನ ಕಿವಿಯೊಳಗ ಅಂದ್ರು. "ಹಳೇವು ಮಾಡಿ ಮಾರೂಣು."

೩. ಟಾವೆಲ್

ಶನಿವಾರ ಅಕ್ಕೋರು ಅಪ್ಪನ್ನ ಕರಕೊಂಡೇ ಬಂದ್ರು. ಸೋಮವಾರ ಪರೀಕ್ಷಾ, ಎಂಟೂವರಿಗಿ ಸಾಲ್ಯಾಗ ಇರಲೇಬೇಕು. ಮೊದಲ ಬಸ್ಸೇ ಒಂಬತ್ತಕ್ಕ. ಅವತ್ತು ಗಾಡಿ ಸಿಗದಿದ್ರ ನೌಕರಿ ಹೋದಂಗೇ. ಶೋರೂಮಿನ ತುಂಬ ಹಳ್ಳಿ ಮಂದಿ ಕುಂತಿದ್ರು.

ಸಾವ್ಕಾರ್ರು ಬಗ್ಗಿ ಸಣ್ಣ ದನಿಲೆ, "ಮ್ಯಾಲಿನ ಎಂಟು ಸಾವಿರದ ಮಾತು ಮಂದಿ ಮುಂದ ಬ್ಯಾಡ ಅಜ್ಜಾರ, ಒಳಗ ಬರ್ರಿ" ಅಂದ್ರು.

"ಒಳಗ್ಯಾಕ್ರಿ? ಮಂದಿಗಿ ಕಾಣಬಾರದ ವ್ಯವಹಾರಕ್ಕ ನಮ್ಮಲ್ಲಿ ಟಾವೆಲ್ ಅದ" ಅಂತ ಮುದುಕ ಹೆಗಲ ಮ್ಯಾಲಿನ ಟಾವೆಲ್ ತಗದು ಕೌಂಟರ್ ಮ್ಯಾಲ ಹಾಸಿ, ಅದರ ಕೆಳಗ ಕೈ ಇಟ್ಟ.

ಎತ್ತಿನ ಸಂತ್ಯಾಗ ಧಾರಣಿ ಬಾಯಿಲೆ ಹೇಳಂಗಿಲ್ಲ. ಟಾವೆಲ್ ಕೆಳಗ ಬೆರಳು ಹಿಡದು ಹೇಳ್ತಾರ. ಒಪ್ಪಿಗಿ ಇದ್ರ ಎದುರಿನವ ತಿರುಗಿ ಕೈ ಹಿಚಕ್ತಾನ. ಟಾವೆಲ್ ಎತ್ತಿದ ಮ್ಯಾಲ ಮಾತು ತಿರಗಿಸಿದವನ ಅಂಗಡಿಗಿ ಮುಂದ ಯಾರೂ ಹೋಗಂಗಿಲ್ಲ. ಕುಂತವ್ರಿಗೆಲ್ಲ ಇದು ಗೊತ್ತು. ಸಾವ್ಕಾರ್ರು ಮಾತ್ರ ಹುಟ್ಟಿದಾಗಿಂದ ಎತ್ತಿನ ಹಗ್ಗ ಮುಟ್ಟಿದವ್ರಲ್ಲ. ಗೊತ್ತಿಲ್ಲ ಅಂದ್ರ ಇಷ್ಟು ಮಂದಿಯೊಳಗ ಮರ್ಯಾದಿ ಹೋಗ್ತದಂತ ಅವರೂ ಕೈ ಒಳಗ ಹಾಕಿದ್ರು.

ಮುದುಕ ಕಣ್ಣು ಮುಚ್ಚಿ ಏನೋ ಹಿಡದ. ಸಾವ್ಕಾರ್ರು ಗಂಭೀರವಾಗಿ ಗೋಣು ಹಾಕಿದ್ರು. ಮುದುಕ ಮತ್ತ ಹಿಡದ. ಕೈ ಕುಲುಕಾಕತ್ತಾನಂತ ತಿಳಕೊಂಡೋ ಏನೋ, ಸಾವ್ಕಾರ್ರು ಗಟ್ಟಿಯಾಗಿ ಹಿಚಿಕಿದ್ರು. ಅವರ ರಟ್ಟಿ ಬಿಗಿದದ್ದು ನನಗೂ ಕಾಣಿಸ್ತು.

ಮುದುಕ ಟಾವೆಲ್ ಎತ್ತಿದ. "ಬಿಲ್ಲಿನಷ್ಟಕ್ಕೇ ಒಪ್ಯಾರ. ಸೌದಾ ಆತು."

"ಆತು, ಆತು" ಅಂದ್ರು ಕುಂತವ್ರೆಲ್ಲ. ಒಬ್ಬ ಎದ್ದು ಸಾವ್ಕಾರ್ರಿಗಿ ಕೈ ಮುಗದು, "ನಿಮ್ಮಂಥಾ ದೊಡ್ಡ ಮನಸ್ಸು ಯಾರಿಗಿ ಅದರಿ" ಅಂದ. ಇನ್ನ ಹ್ಯಾಂಗ ಹಿಂದ ಸರೀತಾರ? ನಾ ಗೋದಾಮಿಗಿ ಓಡಿ ಗಾಡಿ ತಂದೆ. ಹನ್ನೆರಡು ವರ್ಷದಾಗ ಅಷ್ಟು ಖುಷಿಲೆ ಒಂದು ಗಾಡಿನೂ ತಂದಿರಲಿಲ್ಲ. ಅಕ್ಕೋರು ಅಪ್ಪನ್ನ ಹಿಂದ ಕೂಡಿಸಿಕೊಂಡು ಹೋದ್ರು.

ಮಂದಿ ಕರಗಿದ ಮ್ಯಾಲ ಸಾವ್ಕಾರ್ರು ನನ್ನ ಹತ್ರ ಬಂದು, ತಮ್ಮ ಬಲಗೈ ತಿರುವಿ ಮುರುವಿ ನೋಡಿಕೋತ ಕೇಳಿದ್ರು:

"ಅಲ್ಲೋ, ನಾ ಆ ಎಂಟು ಸಾವಿರ ಯಾವಾಗ ಬಿಟ್ಟೆ?"

"ನನಗ ಹ್ಯಾಂಗ ಗೊತ್ತಾಗಬೇಕ್ರಿ" ಅಂದೆ. "ಒಳಗ ಇದ್ದದ್ದು ನಿಮ್ಮ ಕೈ."