ಮಾವನವರ ಎಂಜಿನ್ನಿಗೆ ಬಣ್ಣ ಬಳಿದದ್ದು

ಏನೂ ಬಾರದವನಿಂದ ಮನೆಗೆ ಅಂಥ ಹಾನಿಯೇನಿಲ್ಲ. ಅವನು ಪೇಪರ್ ಓದುತ್ತಾ ತನ್ನ ಪಾಡಿಗೆ ತಾನು ಕೂತಿರುತ್ತಾನೆ. ಅಪಾಯವೆಲ್ಲ ಅರ್ಧ ಬಲ್ಲವನಿಂದ. ಅವನು ಸ್ಪ್ಯಾನರ್ ಹಿಡಿದು ಮೇಲೇಳುತ್ತಾನೆ. ನಾನು ಈ ಎರಡನೆಯ ಜಾತಿ. ಹೈದರಾಬಾದಿನಲ್ಲಿ ವಾರಕ್ಕೊಂದು ಸಾಫ್ಟ್‌ವೇರ್ ಕಂಪನಿ ಬಾಗಿಲು ತೆಗೆಯುತ್ತಿದ್ದ ಆ ಕಾಲದಲ್ಲಿ ಮೈಸೂರಿನಿಂದ ಬಂದು ಒಂದರಲ್ಲಿ ಸೇರಿಕೊಂಡಿದ್ದೆ. ಕೆಲಸ ಟೆಸ್ಟಿಂಗ್. ಅಂದರೆ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು. ಇದಕ್ಕೇ ತಿಂಗಳು ತಿಂಗಳು ಸಂಬಳ ಕೊಡುತ್ತಿದ್ದರೆ, ನಾನು ಮಾತ್ರ ತಪ್ಪು ಮಾಡದವನು ಎಂಬ ಭ್ರಮೆ ಯಾರಿಗಾದರೂ ಬಂದೀತು. ನನಗೆ ಸ್ವಲ್ಪ ಬೇಗನೇ ಬಂತು.

ನನ್ನ ಹೆಂಡತಿ ಸುಮಂಗಲೆಯ ತಂದೆ ರೈಲ್ವೆಯಿಂದ ನಿವೃತ್ತರಾಗಿ ಹೈದರಾಬಾದಿನ ಇನ್ನೊಂದು ತುದಿಯ ಮಲ್ಕಾಜ್‌ಗಿರಿಯಲ್ಲಿದ್ದಾರೆ. ಮೂಲ ರಾಯಚೂರಿನ ಕಡೆಯವರು. ಅವರ ಹತ್ತಿರ ಒಂದು ಓಬೀರಾಯನ ಕಾಲದ ಮೋಟಾರ್‌ಸೈಕಲ್ ಇದೆ. ಅದರ ಕೀಲಿಯನ್ನು ಸ್ವಂತ ಮಗನಿಗೇ ಕೊಟ್ಟವರಲ್ಲ. ವರ್ಷಗಟ್ಟಲೆ ಮೂಲೆಯಲ್ಲಿ ನಿಂತಿದ್ದ ಗಾಡಿಯನ್ನು ಮತ್ತೆ ರಸ್ತೆಗಿಳಿಸಬೇಕು, ಮುಗಿದುಹೋದ ರಿಜಿಸ್ಟ್ರೇಷನ್ ಹೊಸದು ಮಾಡಿಸಬೇಕು ಎಂದು ಅವರಿಗೆ ಹುಕಿ ಬಂತು. ಚಕ್ರ, ಟ್ಯಾಂಕು ಎಲ್ಲ ಅಲ್ಲೇ ಒಬ್ಬ ಮೆಕ್ಯಾನಿಕ್ಕಿಗೆ ಒಪ್ಪಿಸಿ, ಎಂಜಿನ್ನಿನ ಬಣ್ಣದ ಕೆಲಸ ನನಗೆ ಕೊಟ್ಟರು. "ಅಳಿಯಂದ್ರ, ನೀವು ಇಂಜಿನಿಯರ್ ಅದೀರಿ. ಅವಾ ಬಡಾಬಡಾ ಬಳದು ಕೈ ತೊಳಕೊಂತಾನ. ಇದು ನಿಮ್ಮ ಕೈಯಿಂದನ ಆಗಲಿ" ಎಂದರು. ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಎಂಜಿನ್ನಿಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಹೇಳಬಹುದಿತ್ತು. ಮಾವನ ಬಾಯಿಂದ ಹೊಗಳಿಕೆ ಬರುತ್ತಿರುವಾಗ ಅಡ್ಡ ಬಾಯಿ ಹಾಕುವವರುಂಟೇ?

ಆಟೋದಲ್ಲಿ ನನ್ನ ಪಕ್ಕ ಕೂತು ಎಂಜಿನ್ನು ಕೂಕಟ್‌ಪಲ್ಲಿಯ ನಮ್ಮ ಫ್ಲಾಟಿಗೆ ಬಂತು. ಬಾಲ್ಕನಿಯಲ್ಲಿ ಅದರ ಸ್ಥಾಪನೆಯಾಯಿತು. ಎರಡು ಭಾನುವಾರ ಸೀಮೆಎಣ್ಣೆ, ಥಿನ್ನರಿನಲ್ಲಿ ಅಭ್ಯಂಜನ ಮಾಡಿಸಿದೆ, ತಂತಿ ಬ್ರಷ್ಷಿನಿಂದ ಉಜ್ಜಿದೆ. "ಸಾರಿಗೂ ಥಿನ್ನರ್ ವಾಸನಿ ಹೊಡ್ಯಾಕತ್ತೈತ್ರಿ" ಎಂದು ಸುಮಂಗಲೆ ಒಗೆದ ಬಟ್ಟೆಯನ್ನೆಲ್ಲ ಪಕ್ಕದ ಮನೆಯವರ ಹಗ್ಗಕ್ಕೆ ವರ್ಗಾಯಿಸಿದಳು. ನಾನು ಜಗ್ಗಲಿಲ್ಲ. ಎಂಜಿನ್ನಿನ ಎಡಗಡೆ, ಸಿಲಿಂಡರಿನ ಕೆಳಗೆ, ಹಳೇ ಬಣ್ಣ ಮತ್ತು ಜಿಡ್ಡು ಮೆತ್ತಿದ ಸಣ್ಣ ಸಣ್ಣ ಗುಳಿಗಳು ಕಂಡವು. ಬೇರೆ ಯಾರಾಗಿದ್ದರೂ ಬಿಟ್ಟುಬಿಡುತ್ತಿದ್ದರು. ನನ್ನದು ಟೆಸ್ಟಿಂಗ್ ಕಣ್ಣು ನೋಡಿ! ಗುಳಿಗಳಿಗೆ ಮೆಟಲ್ ಪುಟ್ಟಿ ತುಂಬಿ, ಒಣಗಿಸಿ, ಮರಳು ಕಾಗದದಿಂದ ಕನ್ನಡಿಯಷ್ಟು ನುಣ್ಣಗೆ ಮಾಡಿದೆ. ಗುಳಿಗಳು ಅಷ್ಟು ಶಿಸ್ತಾಗಿ ಒಂದೇ ಸಾಲಿನಲ್ಲಿ ಏಕಿವೆ ಎಂಬ ಪ್ರಶ್ನೆ ಮಾತ್ರ ಹೊಳೆಯಲಿಲ್ಲ. ಮೂರನೇ ಭಾನುವಾರ ಅದರ ಮೇಲೆ ಶಾಖ ತಡೆಯುವ ಬಣ್ಣ, ಮೂರು ಕೋಟು. ಅಂಗಡಿಯವನು "ಎಂತ ವೇಡಿಯೈನಾ ತಟ್ಟುಕುಂಟುಂದಿ ಸಾರ್" ಎಂದು ಡಬ್ಬಿ ತಟ್ಟಿ, ಎಷ್ಟು ಬಿಸಿಯಾದರೂ ತಡೆದುಕೊಳ್ಳುತ್ತದೆಂದು ತೆಲುಗಿನಲ್ಲಿ ಭರವಸೆ ಕೊಟ್ಟಿದ್ದ. ಬಣ್ಣ ಶಾಖ ತಡೆಯಿತೋ ಇಲ್ಲವೋ, ಮುಂದಿನದನ್ನು ತಡೆದುಕೊಳ್ಳುವುದು ನನಗೇ ಕಷ್ಟವಾಯಿತು.

ನಾಲ್ಕನೇ ಭಾನುವಾರ ಬೆಳಿಗ್ಗೆ ಮಾವನವರ ಫೋನು. "ಅಳಿಯಂದ್ರ, ಹೊಂಟೀನಿ. ಆರ್‌ಟಿಓ ಫಾರ್ಮಿಗೆ ಎಂಜಿನ್ ನಂಬರಿಂದು ಪೆನ್ಸಿಲ್ ಪ್ರಿಂಟ್ ಬೇಕಂತ. ನಂಬರ್ ಮ್ಯಾಲ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದ್ರ ಮುಗೀತು. ನೀವು ಒಂದೀಟು ಒರಸಿ ಇಡ್ರಿ."

"ನಂಬರ್ ಎಲ್ಲಿರುತ್ತೆ ಮಾವ?" ಎಂದೆ.

"ಎಡಕ್ಕ, ಸಿಲಿಂಡರ್ ಕೆಳಗ."

ಒಂದೇ ಸಾಲಿನಲ್ಲಿದ್ದ ಆ ಗುಳಿಗಳೇ ನಂಬರು! ನಂಬರಿಲ್ಲದ ಎಂಜಿನ್ನು ಆರ್‌ಟಿಓ ಕಣ್ಣಿಗೆ ಕದ್ದ ಎಂಜಿನ್ನು. ಗಾಡಿ ಮತ್ತೆ ರಸ್ತೆ ಕಾಣುವುದಿಲ್ಲ. ಮಗನಿಗೂ ಕೊಡದ್ದನ್ನು ನನ್ನ ಕೈಗೆ ಕೊಟ್ಟ ಮನುಷ್ಯ ಬಸ್ಸು ಹತ್ತಿಯಾಗಿದೆ, ಹೆಚ್ಚೆಂದರೆ ಒಂದೂವರೆ ತಾಸು. ಅಡುಗೆಮನೆಗೆ ಹೋಗಿ ತಪ್ಪೊಪ್ಪಿಕೊಂಡೆ.

"ಅಯ್ಯ ಶಿವನ! ಅಪ್ಪನ ಗಾಡಿ ನಂಬರಿಗೇ ಪುಟ್ಟಿ ಮೆತ್ತೀರೇನ್ರಿ?" ಎಂದಳು ಸುಮಂಗಲೆ. "ಬಾಯಿ ತಕ್ಕೊಂಡು ನಿಂದರಬ್ಯಾಡ್ರಿ, ಥಿನ್ನರ್ ಹಚ್ರಿ."

ಬಣ್ಣ ಹೋಯಿತು. ಪುಟ್ಟಿ ಹೋಗಲೊಲ್ಲದು. ಆಗ ಅವಳು ಟ್ರಂಕಿನಿಂದ ಕೌದಿ ಹೊಲಿಯುವ ದಪ್ಪ ಸೂಜಿ ತಂದು ಎಂಜಿನ್ನಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ನಾನು ಎಂಜಿನ್ನಿನ ಜೊತೆ ಮಾವ ಕಳಿಸಿದ್ದ ಆರ್‌ಸಿ ಪುಸ್ತಕದ ಜೆರಾಕ್ಸ್ ಹಿಡಿದು ಪಕ್ಕದಲ್ಲಿ ನಿಂತೆ. ನನ್ನ ಮರಳು ಕಾಗದ ಪುಟ್ಟಿಯ ಜೊತೆ ಅಂಕಿಗಳನ್ನೂ ಸವೆಸಿಬಿಟ್ಟಿದ್ದರೆ ಏನು ಗತಿ ಎಂದು ಜೀವ ಬಾಯಿಗೆ ಬಂದಿತ್ತು. ಅವಳು ಚೂರು ಚೂರೇ ಕೆದಕಿ ಊದಿದಳು. ಮೊದಲು ನಾಲ್ಕು ಕಂಡಿತು. ಆಮೇಲೆ ಒಂದು. ಕೊನೆಯ ಅಂಕಿ ಮೂರೋ ಎಂಟೋ ತಿಳಿಯದೆ ಹತ್ತು ನಿಮಿಷ ಸತಾಯಿಸಿ, ಕಡೆಗೆ ಎಂಟಾಯಿತು. ಜೆರಾಕ್ಸಿನಲ್ಲೂ ಎಂಟು! ಅಬ್ಬಾ, ಹೋದ ಜೀವ ಬಂತು. ಎಸ್ಸೆಸ್ಸೆಲ್ಸಿ ನಂಬರ್ ಪೇಪರಿನಲ್ಲಿ ಕಂಡಾಗಲೂ ನನಗೆ ಅಷ್ಟು ಸಮಾಧಾನವಾಗಿರಲಿಲ್ಲ.

ಅಷ್ಟರಲ್ಲಿ ಬಾಗಿಲ ಬೆಲ್ ಆಯಿತು. ಮಾವನವರು ಚಪ್ಪಲಿ ಬಿಟ್ಟವರೇ ಬಾಲ್ಕನಿಗೆ ನಡೆದರು. ಎಂಜಿನ್ನನ್ನು ಸುತ್ತ ನೋಡಿ, ಕಣ್ಣು ಒದ್ದೆ ಮಾಡಿಕೊಂಡು, "ಭಾಳ ಚೊಲೋ ಮಾಡೀರಿ" ಎಂದರು. ಆಮೇಲೆ ನಂಬರಿನ ಸುತ್ತ ಬೋಳು ಬಿದ್ದ ಜಾಗ ಮುಟ್ಟಿ, "ಇಲ್ಲಿ ಯಾಕ ಬಣ್ಣ ಇಲ್ಲ?" ಎಂದು ಕೇಳಿದರು.

ನಿಜ ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆಯೇ. "ನಂಬರ್ ಮೇಲೆ ಬಣ್ಣ ಬಳೀಬಾರದಲ್ವಾ ಮಾವ?"

ಸುಮಂಗಲೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಒಳಗೆ ಹೋದಳು.

ಎಂಜಿನ್ನು ಗಾಡಿಗೆ ಕೂತು, ಗಾಡಿ ಆರ್‌ಟಿಓ ಕಂಡು, ಪಾಸಾಗಿ ಬಂತು. ಆ ದಿನ ಮಲ್ಕಾಜ್‌ಗಿರಿಯಲ್ಲಿ ಹೋಳಿಗೆ ಊಟ. ಮಾವನವರು ಮಗಳಿಗೆ ವರದಿ ಒಪ್ಪಿಸಿದರು: "ಇನ್ಸ್‌ಪೆಕ್ಟರ್ ಏನಂದ ಗೊತ್ತೇನವ್ವಾ? ಹಳೇ ಗಾಡಿ ತರೋ ಮಂದಿ ನಂಬರ್ ಮ್ಯಾಲನ ಬಣ್ಣ ಬಳಕೊಂಡು ಬರ್ತಾರ, ಇಷ್ಟು ಸ್ವಚ್ಛ ನಂಬರ್ ನಾ ನೋಡೇ ಇಲ್ಲ ಅಂದ. ನಮ್ಮ ಅಳಿಯಂದ್ರು ಅಂಥಾ ದಡ್ಡರಲ್ರೀ ಅಂದೆ."

ನಾನು ತಲೆ ತಗ್ಗಿಸಿದೆ. ಅದನ್ನು ಅವರು ವಿನಯವೆಂದು ತಿಳಿದು, "ಇವರಿಗೆ ಇನ್ನೊಂದು ಹೋಳಿಗಿ ಹಾಕವ್ವಾ" ಎಂದು ಮಗಳಿಗೆ ಹೇಳಿದರು.

ಅವಳು ಹಾಕಲಿಲ್ಲ.