ಸುಗುಣಮ್ಮನ ಮನೆಯ ಸುರಕ್ಷಿತ ಅಗ್ಗಿಷ್ಟಿಕೆ

ನೇಕಾರರ ಬೆರಳು ಚಳಿಗೆ ಮರಗಟ್ಟಿದರೆ ಸೀರೆಯ ಅಂಚು ಸೊಟ್ಟಗಾಗುತ್ತದೆ ಎಂಬುದು ಶೀತ ನಿವಾರಣಾ ಇಲಾಖೆಯ ಸುದೀರ್ಘ ಚಿಂತನೆಯ ಫಲ. ಅದರಂತೆ ಡಿಸೆಂಬರಿನಲ್ಲಿ ಹೊರಟ ಆದೇಶ, ಆದೇಶಕ್ಕೆ ತಕ್ಕ ಗಾಂಭೀರ್ಯದಿಂದ ನಡೆದು, ಮೇ ಎರಡನೇ ವಾರ ನಾರಾಯಣಪೇಟೆ ಮುಟ್ಟಿತು. ಮಾದರಿ ಮನೆಯಾಗಿ ಸೀರೆ ನೇಯುವ ಸುಗುಣಮ್ಮನ ಮನೆ ಆಯ್ಕೆಯಾಯಿತು. ಬಸ್ ಸ್ಟ್ಯಾಂಡಿಗೆ ಹತ್ತಿರ, ತಪಾಸಣೆಗೆ ಬರುವ ಸಾಹೇಬರಿಗೆ ನಡೆಯುವ ತ್ರಾಸಿಲ್ಲ.

ಇನ್‌ಸ್ಪೆಕ್ಟರ್ ಕಾಂತೇಶ ಇಲಾಖೆ ಕೊಟ್ಟ ಉಣ್ಣೆ ಟೊಪ್ಪಿಗೆ ಹಾಕಿಕೊಂಡು ಗದ್ವಾಲದಿಂದ ಬಂದಾಗ ಮಟಮಟ ಮಧ್ಯಾಹ್ನ. ಮಗ್ಗದ ಕೋಣೆಯ ಗೋಡೆಗೆ ಗ್ಯಾಸ್ ಅಗ್ಗಿಷ್ಟಿಕೆ ಕೂತಾಗಿತ್ತು, ಹೊಗೆ ಕೊಳವೆ ಮಾಡು ದಾಟಿತ್ತು. ಸಿಲಿಂಡರ್ ಮಾತ್ರ ಬಂದಿರಲಿಲ್ಲ, ಅದರ ಕಡತ ಮಕ್ತಲದಲ್ಲಿ ಸಹಿಗೆ ಕಾಯುತ್ತಿತ್ತು.

ಕಾಂತೇಶ ಗ್ಯಾಸ್ ಕೊಳವೆಯ ಕೀಲುಗಳಿಗೆ ಸಾಬೂನು ನೀರು ಹಚ್ಚಿದ. ಒಂದು ಗುಳ್ಳೆಯೂ ಏಳಲಿಲ್ಲ. ‘ಸೋರಿಕೆ ಇಲ್ಲ’ ಎಂದು ಬರೆದುಕೊಂಡ. ಆಮೇಲೆ ಟೇಪು ಹಿಡಿದ.

“ನಿಯಮ ಏಳು. ಉರಿಯಿಂದ ಆರು ಅಡಿಯೊಳಗ ನೂಲು ಇರಬಾರದ್ರಿ. ನಿಮ್ಮ ಮಗ್ಗ ಮೂರು ಅಡಿಗೇ ಐತಿ. ಸರಸ್ರಿ.”

“ಅದು ಕುಣಿಮಗ್ಗ ಐತ್ರಿ ಸಾಹೇಬ್ರ,” ಎಂದಳು ಸುಗುಣಮ್ಮ. “ಕಾಲು ಇಳಿಬಿಡಾಕ ನೆಲದಾಗ ಕುಣಿ ತೋಡೀವಿ. ಕುಣಿ ಹೆಂಗ ಸರಸೋದ್ರಿ?”

“ಕುಣಿ ಅಂದ್ರ ಖಾಲಿ ಜಾಗ ಅಲ್ಲೇನ್ರಿ? ತುಂಬಿದ ಬೀರೂನ ಸರಸ್ತೀರಿ, ಖಾಲಿ ಜಾಗ ಸರಸಾಕ ಏನ್ ತ್ರಾಸ?”

ಸರಿಸದಿದ್ದರೆ ನಿಯಮ ಎಂಟರ ಪ್ರಕಾರ ಮಗ್ಗ ಕೀಳಬೇಕು. ಅದು ಅವಳ ಅತ್ತೆ ಕೂತು ನೇಯ್ದ ಮಗ್ಗ. ಅದರ ಮೇಲೆ ಅರ್ಧ ಮುಗಿದ ಸೀರೆ. ಸುಗುಣಮ್ಮ ಗಂಡನತ್ತ ತಿರುಗಿದಳು. ಅಗ್ಗಿಷ್ಟಿಕೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದ ಸಾಯಣ್ಣ ಈಗ ಹೊಗೆ ಕೊಳವೆಯನ್ನು ಬಹಳ ಮೆಚ್ಚುಗೆಯಿಂದ ನೋಡುತ್ತಿದ್ದ.

ಕಾಂತೇಶ ಕೊನೆಯ ಪರೀಕ್ಷೆಗೆಂದು ಗೋಡೆಗೆ ಉಷ್ಣಮಾಪಕ ತೂಗುಹಾಕಿದ. ಹತ್ತು ನಿಮಿಷದಲ್ಲಿ ಕೋಣೆ ಇಪ್ಪತ್ತೈದು ಡಿಗ್ರಿ ತಲುಪಿದರೆ ಯಂತ್ರ ಪಾಸು. ಸುಗುಣಮ್ಮ ಬಗ್ಗಿ ನೋಡಿದಳು. ನಲವತ್ತೆರಡು.

“ಸಾಹೇಬ್ರ, ಈ ನಿಮ್ಮ ಯಂತ್ರ ಆಗಲೇ ಕಾವು ಕೊಡಾಕತ್ತೈತಲ್ರಿ. ಇನ್ನ ಉರಿ ಯಾಕ ಬೇಕು? ಉರೀನ ಇಲ್ಲಂದಮ್ಯಾಗ ಆರು ಅಡಿ ಎಲ್ಲಿಂದ ಅಳೀತೀರಿ?”

ಕಾಂತೇಶ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. ನಿಯಮವನ್ನು ಎರಡು ಸಲ ಓದಿದ. ಅಳತೆ ಉರಿಯಿಂದಲೇ ಶುರುವಾಗಬೇಕೆಂದು ಸ್ಪಷ್ಟವಾಗಿ ಬರೆದಿತ್ತು. ಪ್ರಮಾಣಪತ್ರ ಬರೆದುಕೊಟ್ಟ: “ಸದರಿ ಅಗ್ಗಿಷ್ಟಿಕೆಯು ಅನಿಲದ ನೆರವಿಲ್ಲದೆ ನಿಗದಿಗಿಂತ ಹದಿನೇಳು ಡಿಗ್ರಿ ಹೆಚ್ಚು ಶಾಖ ನೀಡುತ್ತಿದ್ದು, ಸಂಪೂರ್ಣ ಸುರಕ್ಷಿತವಾಗಿದೆ.” ಸುಗುಣಮ್ಮ ಮಗ್ಗದ ಮರವನ್ನು ಒಮ್ಮೆ ಸವರಿ ಕುಣಿಯಲ್ಲಿ ಕಾಲಿಳಿಸಿ ಕೂತಳು.

ವರದಿ ಓದಿ ಇಲಾಖೆ ಸಂತೋಷಪಟ್ಟಿತು. ಸಿಲಿಂಡರಿನ ಕಡತ ಮುಚ್ಚಿತು. ನಾರಾಯಣಪೇಟೆಯ ಉಳಿದ ಮನೆಗಳಲ್ಲೂ, ಮಕ್ತಲ, ಗದ್ವಾಲಗಳಲ್ಲೂ ಇದೇ ಮಾದರಿ ಕೂಡಿಸಲಾಯಿತು. ಈವರೆಗೆ ಒಂದು ಅಪಘಾತವೂ ಇಲ್ಲ.

ಡಿಸೆಂಬರಿನ ಒಂದು ಮುಂಜಾನೆ ಪಕ್ಕದ ಮನೆಯ ಜಮ್ಮುಲಮ್ಮ ನಡುಗುತ್ತ ಬಂದು ಅಗ್ಗಿಷ್ಟಿಕೆಯ ಮುಂದೆ ಕೈ ಚಾಚಿ ಕೂತಳು. ಸುಗುಣಮ್ಮ ಅದರೊಳಗಿಂದ ನೂಲಿನ ಉಂಡೆ ತೆಗೆದುಕೊಳ್ಳುತ್ತಿದ್ದಳು.

“ತಣ್ಣಗೈತಲ್ಲ, ಸುಗುಣಾ?”

“ಮೇ ತಿಂಗಳದಾಗ ಬಾ ಅಕ್ಕ. ಚಲೋ ಕಾಯ್ತೈತಿ.”

“ಹೌದ್ ಬಿಡು, ನಮ್ಮನ್ಯಾಗಿಂದೂ ಹಂಗ ಐತಿ,” ಎಂದು ಜಮ್ಮುಲಮ್ಮ, ಚಾಚಿದ ಕೈ ಚಾಚಿಕೊಂಡೇ, ಇನ್ನಷ್ಟು ಹತ್ತಿರ ಸರಿದಳು.